ಗುಂಡ್ಯಾನ ಜಳಕ

ಡಾಕ್ಟರು ಎದಿಗೆ ಕೊಳವಿ ಹಚ್ಚಿ ಕೇಳಿದ್ರು,
ಮಲಗೂಮುಂದ ಬಾಜೂಕ ಏನ ಇಟಗೋತಾಳ?
ನಾನಂದೆ, ನನ್ನ.
ದಾನೇಶ್ವರಿ ಅಂದ್ಲು, ಗುಂಡ್ಯಾನ್ನ.

ಗುಂಡ್ಯಾ ಅಂದರ ಕರಡಿ.
ಮಹಾಲಿಂಗಪುರದ ಸಂತ್ಯಾಗ
ನೂರಾಇಪ್ಪತ್ತು ಹೇಳಿದ್ದನ್ನ
ಎರಡ ಸಲ ಎದ್ದು ಹೋಗಿ, ತಿರುಗಿ ಬಂದು
ಎಪ್ಪತ್ತಕ್ಕ ತಂದದ್ದು.
ಒಂದು ಕಣ್ಣು ಅಂಗಡೀದು,
ಇನ್ನೊಂದು ನನ್ನ ಜಂಪರಿನ ಗುಂಡಿ.

ಬಿಸಿನೀರಾಗ ತೊಳೀರಿ, ಅಂದ್ರು,
ಒಣಗಿದ ಮ್ಯಾಲ ಚೀಲದಾಗ ಕಟ್ಟಿ
ಬರ್ಫದ ಖಾನೇದಾಗ ಒಂದು ರಾತ್ರಿ ಇಡ್ರಿ,
ಕಣ್ಣಿಗೆ ಕಾಣದ ಹುಳ ಇರತಾವು, ಸಾಯತಾವು.

ಕಣ್ಣಿಗೆ ಕಾಣದ್ದು, ಕಾಣೂದು, ಎರಡೂ
ಬನಹಟ್ಟಿಯ ನಮ್ಮ ಮನ್ಯಾಗ ಭಾಳ ಅದಾವು.
ಪಡಸಾಲ್ಯಾಗ ಎರಡು ಮಗ್ಗ.
ಅವು ಕುಟ್ಟೂಮುಂದ ಹಾರೂ ನೂಲಿನ ಧೂಳಿ
ಬಲ್ಬಿಗೆ ಗಡ್ಡ ಬೆಳಸತೈತಿ,
ದೇವರ ಫೋಟೋಕ್ಕ ರೋಮ ಬರಸತೈತಿ,
ಹಾಲಿನ ಕೆನೀ ಮ್ಯಾಲ ಎಳಿ ಬಿಡತೈತಿ,
ಆ ವಾರದ ಸೀರಿ ಯಾವ ಬಣ್ಣದ್ದೋ
ಆ ಬಣ್ಣದ್ದು.
ಮಗ್ಗಾ ಹ್ಯಾಂಗ ತೊಳಿಯೂದು ಅಂತ
ನಾ ಕೇಳಲಿಲ್ಲ.
ಅವರೂ ಹೇಳಲಿಲ್ಲ.

ಅಮಾಸಿ. ಮಗ್ಗಕ್ಕ ಸೂಟಿ.
ನಳಕ್ಕ ನೀರು ಬಂದಿತ್ತು.
ಬಕೀಟಿನ್ಯಾಗ ಗುಂಡ್ಯಾ, ಸೊಂಡಿಲು ಹರದ ಆನಿ,
ಯಾರದೋ ಬರ್ಥಡೇದಾಗ ಬಂದ ಗುಲಾಬಿ ಮೊಲ.
ಒತ್ತಿದರ ಮುಳಗತಾವು, ಬಿಟ್ಟರ ಏಳತಾವು.
ಹೊಚ್ಚಲ ಮ್ಯಾಲ ಕುಂತು ದಾನೇಶ್ವರಿ ಪಹರೆ:
ಎವ್ವಾ, ಮಾರಿಗೆ ಸಬಕಾರ ಬ್ಯಾಡ, ಕಣ್ಣುರೀತಾವು.
ನನ್ನ ಗುಂಡಿ ನನ್ನ ನೋಡಿತು.
ಹಣಿಗೆ ಅಂಗೈ ಅಡ್ಡ ಹಿಡದು
ನೀರು ಹನಸಿದೆ,
ಅಕಿಗೆ ಹನಸಿದಂಗ.

ನೀರು ಮೊದಲ ಕಂದು, ಆಮ್ಯಾಲ ಬೂದಿ,
ಆಮ್ಯಾಲ ಯಾಕೋ ನೀಲಿ.
ಹಿಂಡಿದಾಗ ಬೆನ್ನಿನ ಹೊಲಿಗಿ ಬಿಚ್ಚಿ
ಹೊಟ್ಟ್ಯಾಗಿಂದು ಹೊರಗ ಬಂತು.
ಅರಳಿ ಅಲ್ಲ, ಸ್ಪಂಜ್ ಅಲ್ಲ,
ನೂಲಿನ ಚಿಂದಿ.
ಗಂಟು, ತುಂಡು, ಬಾಬಿನ್ನಿಗೆ ಉಳದ ಬಾಲ,
ವಾರಕ್ಕೊಮ್ಮೆ ನಾನು ಗುಡಿಸಿ, ಚೀಲ ತುಂಬಿ
ಗುಜರಿಯವಗ ತೂಗಿ ಕೊಡೂದು ಇದನ್ನ.
ನಮ್ಮದ ಅಂತ ಹ್ಯಾಂಗ ಹೇಳಲಿ,
ಊರ ತುಂಬ ಮಗ್ಗ.
ಅಕಿ ಅಪ್ಪ ಬಂದ, ಕುಕ್ಕರಗಾಲಿಲೆ ಕುಂತ,
ಒಂದು ಎಳಿ ಎರಡು ಬೆರಳಾಗ ಹೊಸೆದು
'ಎಂಬತ್ತರ ನೂಲು' ಅಂದ.
ಅಷ್ಟ ಅಂದ. ಎದ್ದು ಹೋಗಿ
ಬಂದ್ ಇದ್ದ ಮಗ್ಗಕ್ಕ ಎಣ್ಣಿ ಬಿಟ್ಟ,
ಅವತ್ತು ಬಿಡೂದು ಬೇಕಾಗಿರಲಿಲ್ಲ.

ಹಳೇ ಲಂಗ ಒಂದು ಹರದು, ಕುದಿಸಿ, ಒಣಗಿಸಿ
ಗುಂಡ್ಯಾಗ ಹೊಸ ಹೊಟ್ಟಿ ಮಾಡಿದೆ. ತುಸು ಕಡಿಮಿ ಬಿತ್ತು.
ಉಪವಾಸ ಹಿಡದಾನೇನ, ಅಂದ್ಲು.
ಕಿವಿಗೆ ಚಿಮಟಾ ಹಾಕಿ ತೂಗಬಿಡಾಕ ಒಪ್ಪಲಿಲ್ಲ,
ಮಾಳಿಗಿ ಮ್ಯಾಲ ಮೂರನ್ನೂ ಮರದಾಗ ಮಲಗಿಸಿ,
ಬಾಜೂದ ಮರದಾಗಿನ ಮೆಣಸಿನಕಾಯಿ
ಕಣ್ಣಾಗ ಬಿದ್ದೀತಂತ ದೂರ ಸರಿಸಿ,
ಕಾಗಿ ಕಾದಳು.

ನಮ್ಮನ್ಯಾಗ ಫ್ರಿಜ್ ಇಲ್ಲ.
ಸಂಜೀಕ ಮೀರಾಸಾಬನ ಅಂಗಡಿಗೆ ಹೋದೆವು.
ಕುಲ್ಫೀ ಡಬ್ಬಿ ಮುಚ್ಚಳ ಸರಿಸಿ
ಮಾವಿನದಕ್ಕೂ ಪಿಸ್ತಾದಕ್ಕೂ ನಡುವ ಜಾಗಾ ಮಾಡಿದ.
ಬಾಡಿಗಿ ಎಷ್ಟರಿ ಅಂದೆ.
ಬೀಗರ ಬಂದು ಮಲಗಿದರ ಬಾಡಿಗಿ ಕೇಳತಾರೇನವ್ವಾ,
ಅಂದು, ಚೀಲಕ್ಕ ಇನ್ನೊಂದು ಗಂಟು ಹಾಕಿದ.
ಚೀಲದಾಗ ಗುಂಡ್ಯಾ ಸ್ವೆಟರ್ ಹಾಕೊಂಡಿದ್ದ.
ಅದರ ಮ್ಯಾಲ ಅಕಿ ಕಾಲಚೀಲಾ.

ಆ ರಾತ್ರಿ ಮಗ್ಗಿಲ್ಲದ ಮನಿ.
ನನ್ನ ತೋಳ ಹಿಡಕೊಂಡು ಮಲಗಿದ್ಲು,
ತೋಳಿಗೆ ಕಿವಿ ಇಲ್ಲಂತ ಎರಡ ಸಲ ಎದ್ಲು.
ಸಪ್ಪಳ ನಿಂತದ್ದಕ್ಕ ನನಗ ಕೇಳಸ್ತು,
ಉಸುರಿನ ಒಳಗ ಸಣ್ಣ ಪೀಪಿ,
ಏರಿಗೊಂದು, ಇಳಿತಕ್ಕೊಂದು.
ಇಷ್ಟು ದಿನ
ಮಗ್ಗದ ಸಪ್ಪಳದಾಗ ಮುಚ್ಚಿಹೋಗಿತ್ತು ಇದು.

ಬೆಳಗಾಗೂದ್ರಾಗ ಓಡಿದ್ಲು.
ಗುಂಡ್ಯಾ ಕಲ್ಲಾಗಿದ್ದ,
ಗುಂಡಿಗಣ್ಣಿನ ಸುತ್ತ ಬೆಳ್ಳಗ ಇಬ್ಬನಿ.
ಎರಡೂ ಕೈಲೆ ಮಾರಿ ಹಿಡದು
ಹಾ, ಅಂತ ಊದಿದ್ಲು.
ಕೆಮ್ಮಿದ್ಲು. ಮತ್ತ, ಹಾ.

ಒಳಗ ಅವರು ಸ್ವಿಚ್ ಒತ್ತಿದ್ರು.
ನಾನು ಸೀರಿ ಹಸಿ ಮಾಡಿ ಹಿಂಡಿ
ನಡುಬಾಗಲಿಗೆ ಕಟ್ಟಿದೆ,
ಮ್ಯಾಲ ಎರಡು ಮೊಳಿ, ಕೆಳಗ ಒಂದು ಕಲ್ಲು.